ಹಳೆಯ ಲಾರಿಗೆ ಬಿಡಿಭಾಗ ಕೊಳ್ಳುವ ಮುನ್ನ: “ಹಳೆಯದು ಎಲ್ಲಿ?”

ಜೆ.ಸಿ. ರಸ್ತೆಯ ಪಕ್ಕದ ಓಣಿಯೊಂದರಲ್ಲಿ ನಮ್ಮ ಅಂಗಡಿ. ಹತ್ತಡಿ ಅಗಲ, ಮೂವತ್ತಡಿ ಉದ್ದ, ಮೇಲೊಂದು ಅಟ್ಟ. ಹಳೆಯ ಲಾರಿಗಳ ಬಿಡಿಭಾಗ ಬಿಟ್ಟರೆ ಬೇರೇನನ್ನೂ ಮಾರುವುದಿಲ್ಲ. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ರಾತ್ರಿಯಿಡೀ ಗಾಡಿ ಓಡಿಸಿ ಬಂದವರು ಯಾರಾದರೂ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. “ಯಜಮಾನರೇ, ಟಾಟಾ ಗಾಡಿಗೆ ಒಂದು ಕ್ಲಚ್ ಪ್ಲೇಟ್ ಕೊಡಿ” ಎನ್ನುತ್ತಾರೆ. ಅಪ್ಪ ಇದ್ದಷ್ಟು ಕಾಲ ಇದಕ್ಕೆ ಕೊಡುತ್ತಿದ್ದ ಉತ್ತರ ಒಂದೇ: “ಹಳೆಯದು ಎಲ್ಲಿ?”

ಬಂದವರಿಗೆ ಸಿಟ್ಟು ಬರುತ್ತಿತ್ತು. ಗಾಡಿ ನೆಲಮಂಗಲದ ಹತ್ತಿರ ನಿಂತಿದೆ, ಹಳೆಯ ಪ್ಲೇಟು ಮೆಕ್ಯಾನಿಕ್ ಬಳಿ ಇದೆ, ಇವರು ನೋಡಿದರೆ ಮೇಷ್ಟರ ಹಾಗೆ ಪ್ರಶ್ನೆ ಕೇಳುತ್ತಾರೆ! ಆದರೂ ಅಪ್ಪ ಅಟ್ಟದಿಂದ ಪ್ಲೇಟು ಇಳಿಸುತ್ತಿರಲಿಲ್ಲ. ಟೀ ತರಿಸಿ ಕೊಟ್ಟು, “ಹೋಗಿ ತನ್ನಿ ಸ್ವಾಮಿ, ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ” ಎನ್ನುತ್ತಿದ್ದರು. ಎರಡು ಗಂಟೆ ಹೋದರೆ ಹೋಗಲಿ, ತಪ್ಪು ಭಾಗ ಒಯ್ದು ಮತ್ತೆ ಅಲೆಯುವ ಎರಡು ದಿನ ಉಳಿಯಿತಲ್ಲ ಎಂಬುದು ಅವರ ಲೆಕ್ಕ.

ಒಂದೋ ಎರಡೋ ಹಳೆಯ ಲಾರಿ ಇಟ್ಟುಕೊಂಡು ತಾವೇ ಓಡಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊನೆಯ ಭಾಗಕ್ಕೆ ಮುನ್ನ ಗಲ್ಲಾದ ಈಚೆ ಕುಳಿತುಕೊಳ್ಳುವ ಅಂಗಡಿಯವರಿಗೂ ನಾಲ್ಕು ಮಾತಿದೆ.

ಮೊದಲು ಗಾಡಿಯನ್ನು ಓದಿ

ಇಪ್ಪತ್ತು ವರ್ಷ ದಾಟಿದ ಲಾರಿ ಹುಟ್ಟಿದಾಗ ಇದ್ದ ಹಾಗೆ ಈಗ ಇರುವುದಿಲ್ಲ. ಎಂಜಿನ್ ಒಂದು ಗಾಡಿಯದು, ಗೇರ್‌ಬಾಕ್ಸ್ ಇನ್ನೊಂದರದು, ಮುಂದಿನ ಆಕ್ಸೆಲ್ ಯಾವುದೋ ಅಪಘಾತದ ಗಾಡಿಯಿಂದ ಬಂದದ್ದು. ಆದ್ದರಿಂದ ಕ್ಯಾಬಿನ್ ನೋಡಿ ಎಂಜಿನ್ ಭಾಗ ಕೇಳಬೇಡಿ. ಆರ್‌ಸಿ ಪುಸ್ತಕದಲ್ಲಿರುವುದನ್ನೂ ಕಣ್ಣುಮುಚ್ಚಿ ನಂಬಬೇಡಿ.

ಮೊಬೈಲ್ ತೆಗೆದುಕೊಂಡು ನಾಲ್ಕು ಚಿತ್ರ ತೆಗೆಯಿರಿ. ಚಾಸಿಯ, ಅಂದರೆ ಗಾಡಿಯ ತಳದ ಚೌಕಟ್ಟಿನ, ಉಕ್ಕಿನ ಮೇಲೆ ಕೊರೆದಿರುವ ಸಂಖ್ಯೆ ಒಂದು. ಇದು ಸಾಮಾನ್ಯವಾಗಿ ಬಲಗಡೆ, ಮುಂದಿನ ಚಕ್ರದ ಆಸುಪಾಸಿನಲ್ಲಿ ಇರುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ, ಸ್ವಲ್ಪ ಚಾಕ್ ಸವರಿದರೆ ಅಕ್ಷರ ಎದ್ದು ಕಾಣುತ್ತವೆ. ಹದಿನೇಳು ಅಕ್ಷರಗಳ ಸಂಖ್ಯೆಯಾದರೆ ಟಾಟಾದ್ದು ‘ಎಂಎಟಿ’ ಎಂದೂ ಅಶೋಕ್ ಲೇಲ್ಯಾಂಡ್‌ನದು ‘ಎಂಬಿ1’ ಎಂದೂ ಶುರುವಾಗುತ್ತದೆ. ಎರಡನೆಯದು ಎಂಜಿನ್ ಮೇಲಿನ ಸಂಖ್ಯೆ. ಮೂರನೆಯದು ಗೇರ್‌ಬಾಕ್ಸ್ ಮೇಲಿನ ತಗಡಿನ ಪಟ್ಟಿ. ನಾಲ್ಕನೆಯದು ಎಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವ ಪಂಪಿನ ಪಟ್ಟಿ. ಈ ನಾಲ್ಕು ಚಿತ್ರ ಮೊಬೈಲ್‌ನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದಿದ್ದರೆ ಅದು ಬಿಡಿಭಾಗದ ತೊಂದರೆ ಮಾತ್ರವಲ್ಲ. ಎಂಜಿನ್ ಬದಲಿಸಿದ್ದನ್ನು ಆರ್‌ಟಿಒ ಕಚೇರಿಯಲ್ಲಿ ದಾಖಲಿಸಲೇಬೇಕು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸಬೇಕು. ಆಗ ಸಿಕ್ಕಿಬೀಳುವುದಕ್ಕಿಂತ ಮೊದಲೇ ಸರಿಮಾಡಿಸಿಕೊಳ್ಳಿ.

ಪಂಪಿನ ಪಟ್ಟಿಯ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ನಮ್ಮ ಊರಿನಲ್ಲಿ ಡೀಸೆಲ್ ಪಂಪಿಗೆ ಇವತ್ತಿಗೂ ‘ಮೈಕೋ ಪಂಪ್’ ಎಂದೇ ಹೆಸರು. 1951ರಲ್ಲಿ ಆರಂಭವಾದ ಮೈಕೋ ಕಂಪನಿ ಆಡುಗೋಡಿಯ ಕಾರ್ಖಾನೆಯಲ್ಲಿ ಪಂಪು, ನಾಜಲ್‌ಗಳನ್ನು ಮಾಡುತ್ತಿತ್ತು. 2008ರಲ್ಲಿ ಹೆಸರು ಬಾಷ್ ಎಂದಾಯಿತು, ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಆಗಲಿಲ್ಲ. ಸಾಲು ಪಂಪಿನ ಪಟ್ಟಿಯ ಮೇಲೆ ‘ಪಿಇಎಸ್ 6ಎ 95ಡಿ’ ಎಂಬಂತಹ ಬರಹ ಇರುತ್ತದೆ. ಮಂತ್ರವೇನಲ್ಲ: 6 ಎಂದರೆ ಆರು ಸಿಲಿಂಡರ್, ‘ಎ’ ಪಂಪಿನ ಗಾತ್ರ, 95 ಎಂದರೆ ಎಲಿಮೆಂಟ್‌ನ (ಪಂಪಿನೊಳಗೆ ಡೀಸೆಲ್ ಒತ್ತುವ ದಂಡದ) ವ್ಯಾಸ 9.5 ಮಿ.ಮೀ. ‘ಆರು ಸಿಲಿಂಡರ್ ಪಂಪಿನ ಎಲಿಮೆಂಟ್ ಕೊಡಿ’ ಎಂದು ಕೇಳಿ 9 ಮಿ.ಮೀ.ದನ್ನು ಒಯ್ದವರು ಮರುದಿನ ವಾಪಸು ಬರುತ್ತಾರೆ. ನಾಜಲ್ ಮೇಲಿನ ‘ಡಿಎಲ್‌ಎಲ್‌ಎ 150’ ಎಂಬುದರಲ್ಲಿ 150 ಎಂದರೆ ಡೀಸೆಲ್ ಚಿಮ್ಮುವ ಕೋನ. ಅಂಕಿ ಬೇರೆಯಾದರೆ ನಾಜಲ್ ಕೂರಬಹುದು, ಹೊಗೆ ಮಾತ್ರ ಕಪ್ಪಗೆ ಬರುತ್ತದೆ.

ಬಿಚ್ಚುವಾಗಲೇ ಅರ್ಧ ಖರೀದಿ

ಭಾಗವನ್ನು ಬಿಚ್ಚುವ ಮುನ್ನ ಅದು ಕುಳಿತಿರುವ ರೀತಿಯನ್ನು ಚಿತ್ರ ತೆಗೆಯಿರಿ. ಯಾವ ಮುಖ ಎಂಜಿನ್ ಕಡೆ ಇತ್ತು, ಯಾವ ವಾಷರ್ ಯಾರ ಹಿಂದೆ ಇತ್ತು ಎಂಬುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಬಿಚ್ಚಿದ ಮೇಲೆ ಡೀಸೆಲ್‌ನಲ್ಲಿ ತೊಳೆದು ಒರೆಸಿ. ಜಿಡ್ಡಿನ ಕೆಳಗೆ ಸಂಖ್ಯೆ ಅಡಗಿರುತ್ತದೆ. ಒಡೆದಿದ್ದರೆ ಎಲ್ಲ ಚೂರುಗಳನ್ನೂ ಗೋಣಿಚೀಲದಲ್ಲಿ ತನ್ನಿ. ಒಡೆದ ಜಾಗ ನೋಡಿದರೆ ಏಕೆ ಒಡೆಯಿತೆಂದು ಗೊತ್ತಾಗುತ್ತದೆ, ಇಲ್ಲವಾದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಹೆಸರು ಬಿಡಿ, ಅಂಕಿ ಹಿಡಿಯಿರಿ

ವ್ಯಾಸ, ದಪ್ಪ ಅಳೆಯುವ ಸಾಧಾರಣ ವರ್ನಿಯರ್ ಕ್ಯಾಲಿಪರ್ ಒಂದು ಗಾಡಿಯ ಟೂಲ್ ಪೆಟ್ಟಿಗೆಯಲ್ಲಿರಲಿ. ಲಾರಿಯ ಎಷ್ಟೋ ಭಾಗಗಳು ಯಾವ ಲಾರಿಯವೂ ಅಲ್ಲ, ಬರಿಯ ಅಳತೆಯವು.

ಬೇರಿಂಗ್ ತೆಗೆದುಕೊಳ್ಳಿ. ಅದರ ಅಂಚಿನಲ್ಲಿ 6308 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: 8 ಐದಲಿ 40. ಒಳ ವ್ಯಾಸ 40 ಮಿ.ಮೀ. 04ರಿಂದ ಮೇಲಿನ ಅಂಕಿಗಳಿಗೆಲ್ಲ ಈ ಲೆಕ್ಕ ಹೊಂದುತ್ತದೆ. 32310 ಎಂಬ ಟೇಪರ್ ಬೇರಿಂಗ್‌ನ ಒಳ ವ್ಯಾಸ 50. ಈ ಸಂಖ್ಯೆ ಲಾರಿಗೂ ಹಿಟ್ಟಿನ ಗಿರಣಿಗೂ ಒಂದೇ. ಕಂಪನಿಯ ಪೆಟ್ಟಿಗೆಯಲ್ಲಿ ಬಂದ ಬೇರಿಂಗನ್ನೇ ಎಸ್‌ಜೆಪಿ ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ತಯಾರಕರ ಪೆಟ್ಟಿಗೆಯಲ್ಲಿ ಕಡಿಮೆಗೆ ಕೊಳ್ಳಬಹುದು. ಇದನ್ನು ಹೇಳಿದರೆ ನನ್ನ ವ್ಯಾಪಾರಕ್ಕೇ ಪೆಟ್ಟು, ಆದರೂ ನಿಜ ನಿಜವೇ.

ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಮೇಲೆ 85-110-12 ಎಂದು ಇದ್ದರೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಇದೇ ಕ್ರಮದಲ್ಲಿ. ಫ್ಯಾನ್ ಬೆಲ್ಟ್ ಮೇಲೆ ‘ಬಿ 52’ ಎಂದಿದ್ದರೆ ‘ಬಿ’ ಅಗಲದ ವರ್ಗ, ಅಂದರೆ 17 ಮಿ.ಮೀ.; 52 ಎಂಬುದು ಇಂಚಿನಲ್ಲಿ ಒಳಸುತ್ತಳತೆ. ರಬ್ಬರ್ ಸಾಮಾನು ಕೊಳ್ಳುವಾಗ ಪೊಟ್ಟಣದ ಮೇಲಿನ ತಯಾರಿಕೆಯ ತಿಂಗಳು, ವರ್ಷ ನೋಡಿ. ಹಳೆಯ ಮಾದರಿಯ ಗಾಡಿಗಳಿಗೆ ಸೀಲ್, ಹೋಸ್‌ಗಳು ಕಪಾಟಿನಲ್ಲಿಯೇ ವರ್ಷಗಟ್ಟಲೆ ಕುಳಿತಿರುತ್ತವೆ. ಬೆರಳಲ್ಲಿ ಮಡಿಸಿದಾಗ ಸಣ್ಣ ಬಿರುಕು ಕಂಡರೆ ಪುಕ್ಕಟೆ ಕೊಟ್ಟರೂ ಬೇಡ.

ಬೋಲ್ಟುಗಳಲ್ಲಿ ಹಳೆಯ ಲೇಲ್ಯಾಂಡ್‌ಗಳು ಜಗಳ ತೆಗೆಯುತ್ತವೆ. ಅವು ಇಂಗ್ಲೆಂಡಿನ ವಂಶದವು, ಇಂಚಿನ ಥ್ರೆಡ್. ಟಾಟಾ ಗಾಡಿಗಳು 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆಗಿನ ಒಪ್ಪಂದದಲ್ಲಿ ಬೆಳೆದವು, ಅಲ್ಲಿ ಎಲ್ಲ ಮಿಲಿಮೀಟರ್. ನಟ್ಟು ಕೈಯಲ್ಲಿ ಎರಡು ಸುತ್ತು ತಿರುಗಿ ಗಟ್ಟಿಯಾದರೆ ಸ್ಪಾನರ್ ಹಾಕಿ ಒತ್ತಬೇಡಿ, ಅದು ಬೇರೆ ಜಾತಿಯದು.

ಕ್ಲಚ್ ಪ್ಲೇಟಿಗೆ ಮೂರು ಪ್ರಶ್ನೆ: ವ್ಯಾಸ ಎಷ್ಟು, ನಡುವಿನ ತೂತಿನಲ್ಲಿ ಹಲ್ಲುಗಳು ಎಷ್ಟು, ಶಾಫ್ಟಿನ ದಪ್ಪ ಎಷ್ಟು. ಮೂರೂ ಹೊಂದಿದರೆ ಮಾತ್ರ ಅದು ನಿಮ್ಮದು.

ಕ್ರೌನ್-ಪಿನಿಯನ್, ಅಂದರೆ ಎಂಜಿನ್ನಿನ ಎಳೆತವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಹಲ್ಲುಚಕ್ರದ ಜೋಡಿಯ ವಿಷಯಕ್ಕೆ ಬಂದರೆ ನನ್ನ ಮುಖ ಈಗಲೂ ಸ್ವಲ್ಪ ಕೆಂಪಾಗುತ್ತದೆ. ನನಗಾಗ ಹತ್ತೊಂಬತ್ತು. ಅಪ್ಪ ಊಟಕ್ಕೆ ಹೋಗಿದ್ದರು. ಸಿರಾ ಕಡೆಯ ಮಾಲೀಕರೊಬ್ಬರು ಹಳೆಯ ಟಾಟಾ ಗಾಡಿಗೆ ಕ್ರೌನ್-ಪಿನಿಯನ್ ಕೇಳಿದರು. ಹಳೆಯದನ್ನು ತಂದಿರಲಿಲ್ಲ, ನಾನು ಕೇಳಲೂ ಇಲ್ಲ. ದೊಡ್ಡ ವ್ಯಾಪಾರ ಒಬ್ಬನೇ ಮಾಡಿದೆನೆಂಬ ಉತ್ಸಾಹದಲ್ಲಿ ಕಪಾಟಿನಲ್ಲಿದ್ದ ಜೋಡಿ ಕೊಟ್ಟು ಕಳಿಸಿದೆ. ಹಲ್ಲು ಕಚ್ಚಿಕೊಂಡವು, ಹೌಸಿಂಗ್‌ನಲ್ಲಿ ಕುಳಿತಿತು, ಗಾಡಿ ಓಡಿತು. ಎಂಟನೆಯ ದಿನ ಮಂಗಳೂರಿನಿಂದ ಲೋಡು ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ಮೊದಲ ಗೇರಿನಲ್ಲೂ ಎಳೆಯದೆ ಏದುಸಿರು ಬಿಟ್ಟು ನಿಂತಿತು. ಅವರ ಗಾಡಿಯಲ್ಲಿದ್ದದ್ದು 6/41, ಅಂದರೆ ಪಿನಿಯನ್‌ಗೆ ಆರು ಹಲ್ಲು, ಕ್ರೌನಿಗೆ ನಲವತ್ತೊಂದು, ಅನುಪಾತ 6.83. ನಾನು ಕೊಟ್ಟದ್ದು 7/41, ಅನುಪಾತ 5.86. ಸಮತಟ್ಟಿನಲ್ಲಿ ಗಾಡಿ ಚುರುಕಾಗಿಯೇ ಓಡುತ್ತದೆ. ಏರಿನಲ್ಲಿ ಎಳೆತ ಶೇ 14ರಷ್ಟು ಕಡಿಮೆ. ಒಂದೇ ಒಂದು ಹಲ್ಲು!

ಅಪ್ಪ ನನ್ನನ್ನು ಬೈಯಲಿಲ್ಲ. ಎಂಟು ದಿನ ಓಡಿದ ಜೋಡಿಯನ್ನು ಪೂರ್ತಿ ಬೆಲೆಗೆ ವಾಪಸು ಪಡೆದರು, ಸರಿಯಾದದ್ದನ್ನು ಪಕ್ಕದ ಅಂಗಡಿಯಿಂದ ತರಿಸಿ ಕೊಟ್ಟರು, ಮೆಕ್ಯಾನಿಕ್ ಕೂಲಿಯನ್ನು ಗಲ್ಲಾದಿಂದ ತೆಗೆದು ಎಣಿಸಿದರು. ಆಮೇಲೆ ಆ ಜೋಡಿಗೆ ತಂತಿ ಕಟ್ಟಿ, ಗಲ್ಲಾದ ಎದುರಿನ ಕಪಾಟಿನಲ್ಲಿ ಇಟ್ಟರು. ಪ್ರತಿ ಆಯುಧಪೂಜೆಗೆ ಅದನ್ನು ತೊಳೆದು ಎಣ್ಣೆ ಸವರುವ ಕೆಲಸ ನನ್ನದೇ ಆಯಿತು.

ಹಾಗಾಗಿ ಹಲ್ಲು ಎಣಿಸಿ. ಎಣಿಸಲು ಶುರು ಮಾಡಿದ ಹಲ್ಲಿಗೆ ಚಾಕ್ ಗುರುತು ಹಾಕಿ. ಕ್ರೌನು, ಪಿನಿಯನ್ ಎರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಇಬ್ಬರ ಮೇಲೂ ಒಂದೇ ಜೋಡಿ ಸಂಖ್ಯೆ ಇರುತ್ತದೆ. ಒಂದು ಮಾತ್ರ ಹೋಗಿದೆ ಎಂದು ಒಂದನ್ನೇ ಕೊಳ್ಳುವುದು ದುಡ್ಡನ್ನು ಡಿಫ್ ಎಣ್ಣೆಯಲ್ಲಿ, ಅಂದರೆ ಈ ಜೋಡಿ ತಿರುಗುವ ಹೌಸಿಂಗ್‌ನ ಎಣ್ಣೆಯಲ್ಲಿ, ಮುಳುಗಿಸಿದಂತೆ.

ಕ್ರ್ಯಾಂಕ್ ಬೇರಿಂಗ್ ವಿಷಯದಲ್ಲಿ ಕ್ರಮ ತಪ್ಪುವವರು ಬಹಳ. ಮೊದಲು ಕ್ರ್ಯಾಂಕನ್ನು (ಎಂಜಿನ್ನಿನಲ್ಲಿ ತಿರುಗುವ ಮುಖ್ಯ ದಂಡವನ್ನು) ಗ್ರೈಂಡಿಂಗ್‌ಗೆ ಕೊಡಿ, ಅಲ್ಲಿ 0.25 ಮಿ.ಮೀ. ತೆಗೆದರೋ 0.50 ತೆಗೆದರೋ ಕೇಳಿ ಬರೆದುಕೊಳ್ಳಿ, ಆಮೇಲೆ ಅದೇ ಅಳತೆಯ ಬೇರಿಂಗ್ ಕೊಳ್ಳಿ.

ಯಾವ ಪೆಟ್ಟಿಗೆ, ಯಾವ ದರ್ಜೆ

ಲಾರಿ ಕಂಪನಿಯ ಪೆಟ್ಟಿಗೆಯಲ್ಲಿ ಬರುವುದು ಒಂದು ದರ್ಜೆ. ಅದೇ ಭಾಗವನ್ನು ಕಂಪನಿಗೆ ಮಾಡಿಕೊಡುವವರು ತಮ್ಮದೇ ಪೆಟ್ಟಿಗೆಯಲ್ಲಿ ಮಾರುವುದು ಎರಡನೆಯದು: ಪಂಪಿಗೆ ಬಾಷ್, ಸೆಲ್ಫ್ ಮೋಟಾರಿಗೆ ಲುಕಾಸ್ ಟಿವಿಎಸ್, ಪಿಸ್ಟನ್ ರಿಂಗಿಗೆ ನಮ್ಮ ಯಲಹಂಕದಲ್ಲೇ ಕಾರ್ಖಾನೆ ಇರುವ ಗೆಟ್ಜೆ. ಹಳೆಯ ಗಾಡಿಯವರಿಗೆ ನನ್ನ ಸಲಹೆ ಹೆಚ್ಚಾಗಿ ಈ ಎರಡನೆಯದೇ. ಮೂರನೆಯದು ‘ಲೋಕಲ್’. ಅದನ್ನು ಬೈಯುವುದು ಸುಲಭ, ಆದರೆ ಮಡ್‌ಗಾರ್ಡ್, ಕನ್ನಡಿ, ಬಾಗಿಲ ಹಿಡಿ, ಟೂಲ್ ಪೆಟ್ಟಿಗೆಗೆ ಲೋಕಲ್ ಧಾರಾಳವಾಗಿ ಸಾಕು. ಬ್ರೇಕು, ಸ್ಟಿಯರಿಂಗ್‌ಗೆ ಬೇಡ.

ನಕಲಿಯದೇ ಬೇರೆ ಕಥೆ. ಅದು ಬೇರೆಯವರ ಹೆಸರು ಹಾಕಿಕೊಂಡು ಬರುತ್ತದೆ. ಪೆಟ್ಟಿಗೆಯ ಮೇಲಿನ ಬಣ್ಣ ಮಾಸಿದಂತಿದೆಯೇ, ಅಕ್ಷರದ ಅಂಚು ಹರಡಿದೆಯೇ, ತಯಾರಕರ ವಿಳಾಸವೂ ಗರಿಷ್ಠ ಬೆಲೆಯೂ ಇವೆಯೇ ನೋಡಿ. ಆಮೇಲೆ ಭಾಗವನ್ನು ಕೈಯಲ್ಲಿ ತೂಗಿ, ಹಳೆಯದರ ಜೊತೆ ತಕ್ಕಡಿಗೆ ಹಾಕಿ. ನಕಲಿ ಮಾಡುವವರು ಮೊದಲು ಕದಿಯುವುದು ಲೋಹವನ್ನು.

ಗುಜರಿಗೆ ಹೋಗುವವರಿಗೆ

ಮಾರುಕಟ್ಟೆಯಿಂದ ಮಾಯವಾದ ಮಾದರಿಗಳಿಗೆ ಗುಜರಿಯೇ ಗತಿ. ಗೇರ್‌ಬಾಕ್ಸ್ ಕವಚ, ಆಕ್ಸೆಲ್ ಹೌಸಿಂಗ್, ಬಾಗಿಲು, ಬಾನೆಟ್, ಕಮಾನು ಪಟ್ಟಿಯ ಬ್ರಾಕೆಟ್ ಇವನ್ನು ಧೈರ್ಯವಾಗಿ ತರಬಹುದು. ಸ್ಟಿಯರಿಂಗ್‌ನ ಕಿಂಗ್ ಪಿನ್, ಟೈ ರಾಡ್, ಬ್ರೇಕ್ ಹೋಸ್, ಬ್ರೇಕ್ ಲೈನಿಂಗ್ ಎಂದಿಗೂ ಬೇಡ.

ಎರಕದ ಭಾಗ ಕೊಳ್ಳುವಾಗ ಅಪ್ಪ ಮಾಡುತ್ತಿದ್ದ ಪರೀಕ್ಷೆ ಹೀಗೆ. ಮೊದಲು ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಂಟೆಯ ಹಾಗೆ ದನಿ ಎಳೆದರೆ ಸರಿ. ಒಡಕು ಮಡಕೆಯ ಹಾಗೆ ‘ಡಬ್’ ಎಂದರೆ ಅನುಮಾನ. ಅನುಮಾನ ಬಂದ ಕಡೆ ಸೀಮೆಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಚಾಕ್ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗಿಳಿದ ಎಣ್ಣೆ ನಿಧಾನವಾಗಿ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಈಗ ಸೀಮೆಎಣ್ಣೆ ಸಿಗುವುದು ಕಷ್ಟ, ಡೀಸೆಲ್‌ನಲ್ಲೂ ನಡೆಯುತ್ತದೆ. ಗುಜರಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಎಂಜಿನ್ ತಂದರೆ ಯಾವ ಗಾಡಿಯದೆಂಬ ಕಾಗದ, ಬಿಲ್ಲು ಎರಡೂ ಕೈಗೆ ಬರದೆ ಹಣ ಕೊಡಬೇಡಿ.

ಬೆಲೆ ಕೇಳುವ ಮುನ್ನ ದಿನ ಎಣಿಸಿ

ದಿನಕ್ಕೆ ಮೂರು ಸಾವಿರ ಉಳಿಸುವ ಗಾಡಿ ನಿಮ್ಮದು ಎನ್ನೋಣ. ಮುನ್ನೂರು ರೂಪಾಯಿ ಕಡಿಮೆ ಸಿಗುತ್ತದೆಂದು ಎರಡು ದಿನ ಕಲಾಸಿಪಾಳ್ಯ, ಯಶವಂತಪುರ ಎಂದು ಸುತ್ತಿದರೆ ಐದು ಸಾವಿರದ ಏಳುನೂರು ಕಳೆದುಕೊಂಡಿರಿ. ಡ್ರೈವರ್ ಭತ್ಯೆ, ಸಾಲದ ಕಂತು ಇನ್ನೂ ಸೇರಿಸಿಲ್ಲ. ಚೌಕಾಸಿ ಬೇಡ ಎನ್ನುತ್ತಿಲ್ಲ. ಗಾಡಿ ಓಡುತ್ತಿರುವಾಗ ಮಾಡಿ. ಎಫ್‌ಸಿಗೆ ತಿಂಗಳ ಮುಂಚೆಯೇ ಲೈನಿಂಗ್, ಫಿಲ್ಟರ್, ಬೆಲ್ಟ್, ದೀಪಗಳ ಪಟ್ಟಿ ಮಾಡಿ ಒಟ್ಟಿಗೆ ಕೊಂಡರೆ ಯಾವ ಅಂಗಡಿಯವನೂ ನಾಲ್ಕು ಕಾಸು ಬಿಡುತ್ತಾನೆ.

ಮೆಕ್ಯಾನಿಕ್‌ಗೆ ಅಂಗಡಿಯವರು ಕಮಿಷನ್ ಕೊಡುವುದು ಈ ಬೀದಿಯಲ್ಲಿ ಗುಟ್ಟೇನಲ್ಲ. ಅವರನ್ನು ಕರೆದುಕೊಂಡು ಬನ್ನಿ, ಅವರ ಕಣ್ಣು ಬೇಕು. ಬಿಲ್ಲು ಮಾತ್ರ ನೀವೇ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಭಾಗದ ಸಂಖ್ಯೆ ಬರೆಸಿ. ‘ಬಿಲ್ ಬೇಡ ಎಂದರೆ ಇಷ್ಟು ಕಡಿಮೆ’ ಎಂಬ ಮಾತಿಗೆ ಸೋಲಬೇಡಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇ 18ರ ಒಂದೇ ಜಿಎಸ್‌ಟಿ ದರ, ಲೆಕ್ಕ ಸರಳವಾಗಿದೆ. ಬಿಲ್ಲಿಲ್ಲದ ಭಾಗ ಕೆಟ್ಟರೆ ಅದನ್ನು ಹಿಡಿದುಕೊಂಡು ಯಾರ ಮುಂದೆ ನಿಲ್ಲುತ್ತೀರಿ?

ಗಲ್ಲಾದ ಈಚೆ ಕೂರುವವರಿಗೆ

ಅಪ್ಪ ಪಾಠವೆಂದು ಏನನ್ನೂ ಹೇಳಿಕೊಟ್ಟವರಲ್ಲ. ನೋಡಿ ಕಲಿತದ್ದನ್ನು ಹೇಳುತ್ತೇನೆ, ಅವರು ತಪ್ಪಿದ್ದನ್ನೂ ಸೇರಿಸಿ.

ಪ್ರತಿ ಪೆಟ್ಟಿಗೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಕೊಂಡ ತಿಂಗಳು ಮತ್ತು ಅಸಲು ಬೆಲೆ ಬರೆಯುತ್ತಿದ್ದರು. ಬೆಲೆ ಗಿರಾಕಿಗೆ ತಿಳಿಯಬಾರದಲ್ಲ, ಅದಕ್ಕೊಂದು ಗುಟ್ಟಿನ ಸಾಲು: ‘ಘಾಟಿ ಸುಬ್ರಹ್ಮಣ್ಯನೇ ಕಾಪಾಡು’. ಎಣಿಸಿ ನೋಡಿ, ಹತ್ತು ಅಕ್ಷರ, ಒಂದೂ ಮರುಕಳಿಸುವುದಿಲ್ಲ. ಘಾ ಒಂದು, ಟಿ ಎರಡು, ಸು ಮೂರು, ಹೀಗೆ ಸಾಗಿ ಡು ಸೊನ್ನೆ. ‘ಬ್ರಕಾಡು’ ಎಂದು ಬರೆದಿದ್ದರೆ ಅಸಲು 480 ರೂಪಾಯಿ. ‘ಘಾಸುಹ್ಮಡು’ ಎಂದರೆ 1,350. ಚಿಕ್ಕವನಿದ್ದಾಗ ಅವು ಬಿಡಿಭಾಗಗಳ ಹೆಸರೆಂದೇ ತಿಳಿದಿದ್ದೆ. ಈಗ ಕಂಪ್ಯೂಟರ್ ಬಂದಿದೆ, ಗುಟ್ಟು ಬಿಟ್ಟುಕೊಟ್ಟರೆ ನಷ್ಟವಿಲ್ಲ. ನೀವೂ ನಿಮ್ಮ ದೇವರ ಹೆಸರಲ್ಲಿ ಒಂದು ಕಟ್ಟಿಕೊಳ್ಳಿ. ಚೌಕಾಸಿಯ ನಡುವೆ ಪೆಟ್ಟಿಗೆಯ ಮೇಲೆ ಕಣ್ಣು ಹಾಯಿಸಿದರೆ ಎಲ್ಲಿಗೆ ನಿಲ್ಲಬೇಕೆಂದು ತಿಳಿಯುತ್ತದೆ, ಕಂಪ್ಯೂಟರ್ ಕಡೆ ತಿರುಗಬೇಕಿಲ್ಲ.

ಆಯುಧಪೂಜೆಗೆ ಅಂಗಡಿ ತೊಳೆಯುವ ವಾರವೇ ನಮ್ಮ ದಾಸ್ತಾನು ಲೆಕ್ಕ. ಮೂರು ಪೂಜೆ ನೋಡಿದರೂ ಕದಲದ ಸಾಮಾನನ್ನು ಅಸಲಿಗೆ ಪಕ್ಕದ ಅಂಗಡಿಗೆ ಕೊಟ್ಟುಬಿಡಬೇಕು. ಇದು ಅಪ್ಪನದೇ ನಿಯಮ, ಮುರಿದವರೂ ಅವರೇ. ಹಳೆಯ ಲೇಲ್ಯಾಂಡ್ ಗ್ಯಾಸ್ಕೆಟ್‌ಗಳನ್ನು ‘ಯಾರಾದರೂ ಕೇಳಿಕೊಂಡು ಬರುತ್ತಾರೆ’ ಎಂದು ಇಟ್ಟುಕೊಂಡರು. ಒಬ್ಬಿಬ್ಬರು ಬಂದರು, ಕೈಮುಗಿದು ಒಯ್ದರು. ಉಳಿದ ಕಟ್ಟುಗಳ ಕಾರ್ಕ್ ಪುಡಿಯಾಗಿ ಉದುರಿತು. ಲೋಹದ ಭಾಗವನ್ನು ಕಾದಿಡಿ, ಕಾರ್ಕು, ರಬ್ಬರು, ಕಾಗದದ್ದನ್ನು ಕಾದಿಡಬೇಡಿ.

ಉದ್ದರಿ ಕೊಡದೆ ಈ ವ್ಯಾಪಾರ ನಡೆಯುವುದಿಲ್ಲ. ಮಾಲೀಕನಿಗೆ ಬಾಡಿಗೆ ಹಣ ಬರುವುದು ಲೋಡು ಇಳಿಸಿದ ಮೇಲೆ, ಕೆಲವೊಮ್ಮೆ ತಿಂಗಳ ಮೇಲೆ. ಅಪ್ಪನ ಕಟ್ಟುಪಾಡು: ಒಂದು ಗಾಡಿಗೆ ಒಂದೇ ಬಾಕಿ, ಹೆಸರು ಮಾಲೀಕನದಲ್ಲ, ಗಾಡಿ ಸಂಖ್ಯೆಯದು. ಹಳೆಯದು ತೀರಿಸದೆ ಹೊಸದಿಲ್ಲ. ಹದಿನೈದು ಗಾಡಿಗಳ ಸಾರಿಗೆ ಸಂಸ್ಥೆಯೊಂದು ಬಂದಾಗ, ದೊಡ್ಡವರು ಎಂಬ ಮುಲಾಜಿಗೆ ಈ ಕಟ್ಟುಪಾಡನ್ನು ಸಡಿಲಿಸಿದರು. ಖಾತೆ ಪುಸ್ತಕದಲ್ಲಿ ಆ ಪುಟಕ್ಕೆ ಕೊನೆಯವರೆಗೂ ಅಡ್ಡಗೆರೆ ಬೀಳಲಿಲ್ಲ. ಒಂಟಿ ಲಾರಿಯವರಲ್ಲಿ ಬಾಕಿ ಉಳಿಸಿಕೊಂಡವರು ಬೆರಳೆಣಿಕೆಯಷ್ಟು. ಅವರಿಗೆ ನಾಳೆಯೂ ಬ್ರೇಕ್ ಲೈನಿಂಗ್ ಬೇಕು.

ಇನ್ನೊಂದು, ‘ಇಲ್ಲ’ ಎನ್ನುವುದು. ಇಲ್ಲದ್ದನ್ನು ‘ಇದೇ ಹೊಂದುತ್ತದೆ’ ಎಂದು ಅಪ್ಪ ಕೊಡುತ್ತಿರಲಿಲ್ಲ. ‘ನನ್ನ ಹತ್ತಿರ ಇಲ್ಲ, ಮೂರನೇ ಅಂಗಡಿಯಲ್ಲಿ ಇರಬಹುದು, ನನ್ನ ಹೆಸರು ಹೇಳಿ’ ಎನ್ನುತ್ತಿದ್ದರು. ಆ ಮೂರನೇ ಅಂಗಡಿಯವರಿಗೂ ನಮಗೂ ಮಾತಿರಲಿಲ್ಲ. ಆದರೂ ಅವರು ಇಲ್ಲಿಗೆ ಗಿರಾಕಿ ಕಳಿಸುತ್ತಿದ್ದರು, ಇವರು ಅಲ್ಲಿಗೆ.

ಜೋಡಿಸಿದ ಮೇಲೆ

ಹಳೆಯ ಭಾಗವನ್ನು ಅಂದೇ ಗುಜರಿಗೆ ಹಾಕಬೇಡಿ. ಗಾಡಿ ಲೋಡಿನೊಂದಿಗೆ ಒಂದು ಟ್ರಿಪ್ ಹೋಗಿ ಬರುವವರೆಗೆ ಸೀಟಿನ ಕೆಳಗೆ ಇರಲಿ. ಇನ್ನೂರು ಪುಟದ ನೋಟ್‌ಬುಕ್ ಒಂದರಲ್ಲಿ ದಿನಾಂಕ, ಕಿಲೋಮೀಟರ್, ಭಾಗದ ಸಂಖ್ಯೆ, ಯಾರ ಪೆಟ್ಟಿಗೆ, ಎಲ್ಲಿ ಕೊಂಡದ್ದು ಎಂದು ಒಂದೇ ಸಾಲಿನಲ್ಲಿ ಬರೆದಿಡಿ. ಹೊಸ ಭಾಗವನ್ನು ವಾಪಸು ತರುವುದಿದ್ದರೆ ಎಣ್ಣೆ, ಗ್ರೀಸ್ ತಾಗಿಸುವ ಮುನ್ನ ಪೆಟ್ಟಿಗೆಯ ಸಮೇತ ತನ್ನಿ. ವಿದ್ಯುತ್ ಸಾಮಾನನ್ನು ಮಾತ್ರ ಯಾವ ಅಂಗಡಿಯವರೂ ವಾಪಸು ತೆಗೆದುಕೊಳ್ಳುವುದಿಲ್ಲ, ನಾನೂ ಇಲ್ಲ. ಗಲ್ಲಾದ ಮುಂದೆಯೇ ಬ್ಯಾಟರಿಗೆ ಹಚ್ಚಿ ನೋಡಿ ಒಯ್ಯಿರಿ. ಹಚ್ಚುವ ಮುನ್ನ ಗಾಡಿಯದು ಹನ್ನೆರಡು ವೋಲ್ಟೋ ಇಪ್ಪತ್ತನಾಲ್ಕೋ ಎಂದು ಇನ್ನೊಮ್ಮೆ ಡ್ರೈವರಿಗೆ ಫೋನ್ ಮಾಡಿ ಕೇಳಿ.